ಕತ್ತಲೆ ಬರುವ ಮುನ್ನ ಬೆಳಕಿನ ಸುಗ್ಗಿ

ಕಳೆದ ವರ್ಷ ಜೂನ್ ತಿಂಗಳ ಒಂದು ದಿನ. ಬೆಳಗಿನ ಜಾವ ನಾಲ್ಕೂವರೆಗೆ ನನ್ನ ಫೋನ್ ಬಡಿದುಕೊಂಡಿತು. ಅಂಥ ಹೊತ್ತಿನಲ್ಲಿ ಫೋನ್ ಬಂದರೆ ವೈದ್ಯನಾದವನ ಮನಸ್ಸಿಗೆ ಮೊದಲು ಬರುವುದು ಎದೆನೋವು, ಪಾರ್ಶ್ವವಾಯು, ಇಂಥವೇ. ಗಡಬಡಿಸಿ ಎದ್ದು ಫೋನ್ ಎತ್ತಿಕೊಂಡೆ.

"ಡಾಕ್ಟ್ರೇ, ನಿದ್ದೆ ಕೆಡಿಸಿದೆ, ಬೇಜಾರು ಮಾಡ್ಕೋಬೇಡಿ. ಇಲ್ಲಿ ರಾತ್ರಿ ಎರಡು ಗಂಟೆ. ಆದ್ರೆ ಹೊರಗೆ ಬಿಸಿಲು ಹೊಡೀತಾ ಇದೆ. ನೀವು ಚೀಟಿಯಲ್ಲಿ 'ರಾತ್ರಿ ಊಟದ ನಂತರ' ಅಂತ ಬರೆದ ಮಾತ್ರೆ ನಾನು ಯಾವಾಗ ತಗೊಳ್ಳಲಿ? ಈ ಊರಲ್ಲಿ ರಾತ್ರೀನೇ ಆಗೋದಿಲ್ಲವಲ್ಲ!"

ಮಾತನಾಡಿದವರು ನನ್ನ ಹಳೆಯ ರೋಗಿ, 64 ವರ್ಷದ ನಿವೃತ್ತ ಶಿಕ್ಷಕಿ. ಮಲೆನಾಡಿನ ಅಂಚಿನ ನಮ್ಮ ಊರಿನಲ್ಲಿ ಎಲ್ಲರೂ ಅವರನ್ನು ಕರೆಯುವುದು 'ಟೀಚರ್' ಎಂದೇ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ರಕ್ತದೊತ್ತಡ. ಯಜಮಾನರು ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಮನೆಯಲ್ಲಿ ಒಬ್ಬರೇ ಇದ್ದು ಮಂಕಾಗಿದ್ದಾರೆಂದು ಮಗಳು ಮೂರು ತಿಂಗಳ ಮಟ್ಟಿಗೆ ತನ್ನಲ್ಲಿಗೆ ಕರೆಸಿಕೊಂಡಿದ್ದಳು. ಮಗಳಿದ್ದದ್ದು ಫಿನ್ಲೆಂಡ್ ದೇಶದ ಉತ್ತರ ಭಾಗವಾದ ಲ್ಯಾಪ್‌ಲ್ಯಾಂಡ್‌ನ ರೊವಾನಿಯೆಮಿಯಲ್ಲಿ. ಭೂಪಟದಲ್ಲಿ ಆರ್ಕ್ಟಿಕ್ ವೃತ್ತ ಎಂಬ ಗೆರೆ ಇದೆಯಲ್ಲ, ಅದು ಈ ಊರಿನ ಪಕ್ಕದಲ್ಲೇ ಹಾದುಹೋಗುತ್ತದೆ. ಜೂನ್ ಮೊದಲ ವಾರದಿಂದ ಜುಲೈ ಮೊದಲ ವಾರದವರೆಗೆ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ.

ಟೀಚರ್ ಹತ್ತು ದಿನಗಳಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಕತ್ತಲಾದ ಮೇಲೆ ಊಟ, ಊಟದ ನಂತರ ಮಾತ್ರೆ ಎಂಬ ಹಲವು ವರ್ಷಗಳ ರೂಢಿ ಅಲ್ಲಿ ಕೈಕೊಟ್ಟಿತ್ತು. ಮಾತ್ರೆಗಳ ಹೊತ್ತು ಹಿಂದುಮುಂದಾಗಿ ಸಕ್ಕರೆಯ ಪ್ರಮಾಣ ಏರುಪೇರಾಗುತ್ತಿತ್ತು. "ವಾಪಸ್ ಬಂದುಬಿಡ್ತೀನಿ ಡಾಕ್ಟ್ರೇ" ಎಂದರು. ನಾನು ರಕ್ತದೊತ್ತಡ ಎಷ್ಟಿದೆ, ಕಾಲು ಊದಿದೆಯೇ ಎಂದೆಲ್ಲ ವಿಚಾರಿಸಿದೆ. ಕಿಟಕಿಗೆ ದಪ್ಪ ಪರದೆ ಇದೆಯೇ ಎಂದು ಕೇಳುವುದು ಮಾತ್ರ ನನಗೆ ತೋಚಲಿಲ್ಲ. ಅದನ್ನು ಕೇಳಿದವರು ಮರುದಿನ ಅವರನ್ನು ನೋಡಿದ ಅಲ್ಲಿನ ನರ್ಸ್. ವೈದ್ಯರೂ ಕಲಿಯುತ್ತಿರಬೇಕು ಎಂಬುದಕ್ಕೆ ಇದೊಂದು ಉದಾಹರಣೆ.

ಇಂದು ಕನ್ನಡದ ಅನೇಕ ಕುಟುಂಬಗಳ ಮಕ್ಕಳು ಫಿನ್ಲೆಂಡ್, ಸ್ವೀಡನ್, ನಾರ್ವೆಗಳಲ್ಲಿ ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ಹೆತ್ತವರು ಬೇಸಿಗೆಗೆಂದು ಅಲ್ಲಿಗೆ ಹೋಗಿಬರುತ್ತಾರೆ. ಟೀಚರ್ ಅನುಮತಿ ಪಡೆದೇ ಅವರ ಕಥೆಯನ್ನು ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ. ಜೂನ್‌ನಲ್ಲಿ ವಾಪಸ್ ಬರುತ್ತೇನೆಂದು ಹಟ ಹಿಡಿದವರು ಸೆಪ್ಟೆಂಬರ್‌ನಲ್ಲಿ ಒಲ್ಲದ ಮನಸ್ಸಿನಿಂದ ಹಿಂದಿರುಗಿದರು. ಆ ಬದಲಾವಣೆಗೆ ಕಾರಣ ಆಗಸ್ಟ್ ತಿಂಗಳು, ಅಂದರೆ ಅಲ್ಲಿನ ಬೇಸಿಗೆಯ ಕೊನೆಯ ದಿನಗಳು.

ಮೆದುಳಿನೊಳಗಿನ ಗಡಿಯಾರ

ಮೊದಲು ನಿದ್ದೆಯ ವಿಷಯ ನೋಡೋಣ. ನಮ್ಮ ಮೆದುಳಿನ ಹೈಪೋಥಲಾಮಸ್ ಎಂಬ ಭಾಗದಲ್ಲಿ ಒಂದು ಗಡಿಯಾರವಿದೆ. ಹಸಿವು, ನಿದ್ದೆ, ದೇಹದ ಉಷ್ಣತೆ, ಹಾರ್ಮೋನುಗಳ ಏರಿಳಿತ ಎಲ್ಲವೂ ಅದರ ತಾಳಕ್ಕೆ ನಡೆಯುತ್ತವೆ. ಈ ತಾಳ ಜೀವಕೋಶಗಳ ಮಟ್ಟದಲ್ಲಿ ಹೇಗೆ ನಡೆಯುತ್ತದೆಂದು ಕಂಡುಹಿಡಿದ ಅಮೆರಿಕದ ಮೂವರು ವಿಜ್ಞಾನಿಗಳಿಗೆ 2017ರ ನೊಬೆಲ್ ಬಹುಮಾನ ಬಂತು. ಈ ಗಡಿಯಾರಕ್ಕೆ ದಿನವೂ ಕೀಲಿ ಕೊಡುವುದು ಬೆಳಕು. ಕಣ್ಣಿನ ಅಕ್ಷಿಪಟಲದಲ್ಲಿ ನೋಡುವ ಕೆಲಸಕ್ಕಲ್ಲದೆ, ಹೊರಗೆ ಹಗಲೋ ಇರುಳೋ ಎಂದು ಮೆದುಳಿಗೆ ವರದಿ ಮಾಡುವುದಕ್ಕೆಂದೇ ಕೆಲವು ವಿಶೇಷ ಕೋಶಗಳಿವೆ ಎಂಬುದು 2002ರಲ್ಲಿ ಖಚಿತವಾಯಿತು. ಕತ್ತಲಾಗುತ್ತಲೇ ಮೆದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಮಲಗುವ ಹೊತ್ತಾಯಿತೆಂದು ದೇಹಕ್ಕೆ ತಿಳಿಸುವುದು ಅದೇ.

ನಮ್ಮಲ್ಲಿ ಈ ಗಡಿಯಾರಕ್ಕೆ ಹೆಚ್ಚು ಗೊಂದಲವಿಲ್ಲ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ರೊವಾನಿಯೆಮಿಯಲ್ಲಿ ಜೂನ್‌ನಲ್ಲಿ 24 ಗಂಟೆಯೂ ಹಗಲು; ಡಿಸೆಂಬರ್ ನಡುವಿನಲ್ಲಿ ಹಗಲು ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆ ನಾಡಿನಲ್ಲಿ ಹುಟ್ಟಿ ಬೆಳೆದವರಿಗೇ ಬೇಸಿಗೆಯಲ್ಲಿ ನಿದ್ದೆ ಕಡಿಮೆಯಾಗುತ್ತದೆ. ಇನ್ನು ಹೊಸದಾಗಿ ಹೋದ, ಅದೂ ವಯಸ್ಸಾದ ನಮ್ಮವರ ಪಾಡೇನು?

ಪರಿಹಾರ ಸರಳವಾಗಿತ್ತು. ಮಲಗುವ ಕೋಣೆಯ ಕಿಟಕಿಗೆ ಬೆಳಕು ತೂರದ ಕಪ್ಪು ಪರದೆ ಹಾಕಿದರು. ರಾತ್ರಿ ಒಂಬತ್ತಕ್ಕೆ ಪರದೆ ಎಳೆದು, ಹತ್ತಕ್ಕೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗುವುದು. ಬೆಳಗ್ಗೆ ಆರಕ್ಕೆ ಎದ್ದು ಅರ್ಧ ಗಂಟೆ ಹೊರಗೆ ನಡೆಯುವುದು. ಮಾತ್ರೆಗೆ ಸೂರ್ಯನನ್ನು ನೋಡದೆ ಗೋಡೆ ಗಡಿಯಾರ ನೋಡುವುದು. ಚೀಟಿಯಲ್ಲಿ 'ರಾತ್ರಿ' ಎಂಬುದನ್ನು ಹೊಡೆದುಹಾಕಿ 'ರಾತ್ರಿ 8 ಗಂಟೆಗೆ' ಎಂದು ಬರೆದು ವಾಟ್ಸಾಪ್‌ನಲ್ಲಿ ಕಳಿಸಿದೆ. ಒಂದು ವಾರದಲ್ಲಿ ನಿದ್ದೆ ಹತೋಟಿಗೆ ಬಂತು. ನಿದ್ದೆ ಮಾತ್ರೆಯ ಅಗತ್ಯ ಬೀಳಲೇ ಇಲ್ಲ.

ದೀಪ ಹಚ್ಚುವ ಹೊತ್ತು

ಆಗಸ್ಟ್ ಬರುತ್ತಲೇ ಉತ್ತರದ ನಾಡು ಬದಲಾಗುತ್ತದೆ. ರೊವಾನಿಯೆಮಿಯಲ್ಲಿ ಆಗಸ್ಟ್ ಮೊದಲ ದಿನ ಹಗಲು ಸುಮಾರು 19 ಗಂಟೆ. ಕೊನೆಯ ದಿನ ಸುಮಾರು 15 ಗಂಟೆ. ಅಂದರೆ ದಿನಕ್ಕೆ ಎಂಟು ನಿಮಿಷದಂತೆ ಬೆಳಕು ಕರಗುತ್ತ ಹೋಗುತ್ತದೆ. ವಾರಕ್ಕೆ ಹೆಚ್ಚುಕಡಿಮೆ ಒಂದು ಗಂಟೆ! ಹಗಲಿನಲ್ಲಿ ಹಿತವಾದ ಬಿಸಿಲು, ರಾತ್ರಿ ಕೆಲವೊಮ್ಮೆ ಹುಲ್ಲಿನ ಮೇಲೆ ತೆಳ್ಳಗೆ ಹಿಮ ಕಟ್ಟುವಷ್ಟು ಚಳಿ. ಜುಲೈನಲ್ಲಿ ಮುತ್ತಿ ಕಾಡುವ ಸೊಳ್ಳೆಗಳ ಕಾಟ ಇಳಿಯುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರು ಹಿಮಸಾರಂಗ ಸಾಕುವವರು; ಅವರ ಲೆಕ್ಕದಲ್ಲಿ ವರ್ಷಕ್ಕೆ ಎಂಟು ಋತುಗಳು. ಬೇಸಿಗೆಗೂ ಶರತ್ಕಾಲಕ್ಕೂ ನಡುವಿನ ಈ ದಿನಗಳಿಗೆ ಅವರಲ್ಲಿ ಪ್ರತ್ಯೇಕ ಹೆಸರೇ ಇದೆ. ನಮ್ಮ ರೈತರು ಮಖೆ ಮಳೆ, ಹುಬ್ಬೆ ಮಳೆ ಎಂದು ಬೇರೆ ಬೇರೆಯಾಗಿ ಗುರುತಿಸುವ ಹಾಗೆ.

ಆಗಸ್ಟ್ ನಡುವಿನ ಒಂದು ಸಂಜೆ ಟೀಚರ್ ಮತ್ತೆ ಫೋನ್ ಮಾಡಿದರು. ಈ ಸಲ ಹೊತ್ತು ನೋಡಿಯೇ ಮಾಡಿದ್ದರು. "ಡಾಕ್ಟ್ರೇ, ನಿನ್ನೆ ಕತ್ತಲಾಯ್ತು! ಎರಡು ತಿಂಗಳಾದ ಮೇಲೆ ದೇವರ ಮುಂದೆ ದೀಪ ಹಚ್ಚಿದರೆ ದೀಪದ ಬೆಳಕು ಗೋಡೆ ಮೇಲೆ ಕಾಣಿಸ್ತು. ಮಗಳು, ಅಳಿಯ, ಮೊಮ್ಮಗು ಎಲ್ಲರೂ ದೀಪ ಆರಿಸದೆ ಅದರ ಬೆಳಕಲ್ಲೇ ಕೂತು ಊಟ ಮಾಡಿದ್ವಿ" ಎಂದರು. ದನಿಯಲ್ಲಿ ಉತ್ಸಾಹವಿತ್ತು. ಯಜಮಾನರು ಹೋದ ಮೇಲೆ ಅವರ ದನಿಯಲ್ಲಿ ನಾನು ಅದನ್ನು ಕೇಳಿರಲಿಲ್ಲ.

ಫಿನ್ಲೆಂಡಿನವರಿಗೂ ಈ ಹೊತ್ತು ಪ್ರಿಯವಾದದ್ದೇ. ಆಗಸ್ಟ್ ಸಂಜೆಗಳಲ್ಲಿ ಮೇಣದಬತ್ತಿ, ಲಾಟೀನುಗಳು ಹೊರಬರುತ್ತವೆ. ದೇಶದ ಪಶ್ಚಿಮ ಕರಾವಳಿಯ ಕೊಕ್ಕೊಲಾ ಮುಂತಾದ ಊರುಗಳಲ್ಲಿ ಆಗಸ್ಟ್ ಕೊನೆಯ ಶನಿವಾರ ಬೇಸಿಗೆ ಮನೆಗಳಿಗೆ ವಿದಾಯ ಹೇಳುವ ದೀಪಗಳ ಹಬ್ಬವೇ ನಡೆಯುತ್ತದೆ. ಆಕಾಶ ಕಪ್ಪಾಗುತ್ತಿದ್ದಂತೆ ನಕ್ಷತ್ರಗಳು ಮರಳಿ ಕಾಣತೊಡಗುತ್ತವೆ; ಅದೃಷ್ಟವಿದ್ದರೆ ಹಸಿರು ತೆರೆಯಂತೆ ತೂಗಾಡುವ ಧ್ರುವಪ್ರಭೆಯೂ ಕಾಣುತ್ತದೆ. ಧ್ರುವಪ್ರಭೆ ಬೇಸಿಗೆಯಲ್ಲೂ ಇಲ್ಲವೆಂದಲ್ಲ, ಬೆಳಕಿನಲ್ಲಿ ಕಾಣುವುದಿಲ್ಲ ಅಷ್ಟೆ.

ಸಂಜೆಯ ಮಂದ ಬೆಳಕು ಮೆಲಟೋನಿನ್ ಸ್ರವಿಸಲು ಅನುವು ಮಾಡಿಕೊಡುತ್ತದೆ ಎಂಬುದು ಇಲ್ಲಿನ ವೈದ್ಯಕೀಯ ಸಂಗತಿ. ನಮ್ಮ ಮನೆಗಳಲ್ಲಿ ರಾತ್ರಿ ಹನ್ನೊಂದರವರೆಗೆ ಕಣ್ಣು ಕೋರೈಸುವ ಟ್ಯೂಬ್‌ಲೈಟ್, ಆಮೇಲೆ ಹಾಸಿಗೆಯಲ್ಲಿ ಮೊಬೈಲ್. ಹೀಗೆ ನಾವೇ ಮನೆಯೊಳಗೆ ಮುಳುಗದ ಸೂರ್ಯನನ್ನು ಇಟ್ಟುಕೊಂಡು, ನಿದ್ದೆ ಬರುವುದಿಲ್ಲವೆಂದು ಮಾತ್ರೆ ಕೇಳುತ್ತೇವೆ.

ಬುಟ್ಟಿ ಹಿಡಿದು ಕಾಡಿಗೆ

ಟೀಚರ್ ಅವರನ್ನು ನಿಜಕ್ಕೂ ಎಬ್ಬಿಸಿ ನಡೆಸಿದ್ದು ಕಾಡಿನ ಹಣ್ಣುಗಳು. ಮಲೆನಾಡಿನ ಹೆಣ್ಣುಮಗಳು ಅವರು. ಬಾಲ್ಯದಲ್ಲಿ ಕೌಳಿಹಣ್ಣು, ನೇರಳೆಹಣ್ಣಿಗಾಗಿ ಗುಡ್ಡ ಹತ್ತಿದವರು. ಉತ್ತರದ ಕಾಡುಗಳಲ್ಲಿ ಬೇಸಿಗೆಯ ಕೊನೆಗೆ ಹಣ್ಣುಗಳ ಸುಗ್ಗಿ. ಫಿನ್ಲೆಂಡಿನಲ್ಲಿ ಕಾಡು ಯಾರದೇ ಆಗಿರಲಿ, ಯಾರು ಬೇಕಾದರೂ ಹೋಗಿ ಹಣ್ಣು, ಅಣಬೆ ಕೀಳಬಹುದು. ಮಾಲೀಕರ ಅಪ್ಪಣೆ ಬೇಕಿಲ್ಲ. ಮನೆಯ ಅಂಗಳ, ತೋಟಕ್ಕೆ ಮಾತ್ರ ಕಾಲಿಡಬಾರದು, ಮರಗಿಡಗಳಿಗೆ ಹಾನಿ ಮಾಡಬಾರದು. ಪರದೇಶದವರಿಗೂ ಈ ಹಕ್ಕಿದೆ.

ಮೊದಲು ಬರುವುದು 'ಹಿಲ್ಲಾ'. ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಜೌಗು ನೆಲದಲ್ಲಿ ಸಿಗುವ ಹಣ್ಣು. ಒಂದು ಕಡ್ಡಿಗೆ ಒಂದೇ ಹಣ್ಣು. ಕಾಯಿ ಇದ್ದಾಗ ಕೆಂಪು, ಹಣ್ಣಾದಾಗ ಜೇನಿನ ಬಣ್ಣ. ಫಿನ್ಲೆಂಡಿನ ಎರಡು ಯೂರೋ ನಾಣ್ಯದ ಮೇಲೆ ಈ ಹಣ್ಣಿನ ಚಿತ್ರವೇ ಇದೆಯೆಂದರೆ ಅದಕ್ಕಿರುವ ಗೌರವ ಊಹಿಸಿಕೊಳ್ಳಿ. ಒಳ್ಳೆಯ ಹಿಲ್ಲಾ ಸಿಗುವ ಜಾಗವನ್ನು ಅಲ್ಲಿಯವರು ನೆಂಟರಿಗೂ ಹೇಳುವುದಿಲ್ಲವಂತೆ. ಆಮೇಲೆ ನೀಲಿಗಪ್ಪು ಬಣ್ಣದ 'ಮುಸ್ತಿಕ್ಕಾ'. ಬಾಯಿ, ಬೆರಳು ಎಲ್ಲ ನೇರಳೆ ತಿಂದ ಹಾಗೆ ಬಣ್ಣವಾಗುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಕೆಂಪಗಿನ ಹುಳಿಹಣ್ಣು 'ಪುಓಲುಕ್ಕಾ'.

ಆರೋಗ್ಯದ ದೃಷ್ಟಿಯಿಂದ ಇವೆಲ್ಲ ಒಳ್ಳೆಯ ಹಣ್ಣುಗಳು. ಸಕ್ಕರೆ ಕಡಿಮೆ, ನಾರು ಹೆಚ್ಚು. ಹಿಲ್ಲಾದಲ್ಲಿ ಕಿತ್ತಳೆಗಿಂತ ಹೆಚ್ಚು ವಿಟಮಿನ್ ಸಿ ಇದೆ. ತಾಜಾ ತರಕಾರಿ ಸಿಗದ ಚಳಿಗಾಲದಲ್ಲಿ ಒಸಡಿನಿಂದ ರಕ್ತ ಸುರಿಯುವ ಸ್ಕರ್ವಿ ಕಾಯಿಲೆಯಿಂದ ಉತ್ತರದ ಜನರನ್ನು, ನಾವಿಕರನ್ನು ಕಾಪಾಡುತ್ತಿದ್ದುದು ಇಂಥ ಹಣ್ಣುಗಳೇ. ಹಿಲ್ಲಾ ಮತ್ತು ಪುಓಲುಕ್ಕಾಗಳಲ್ಲಿ ಬೆಂಜೋಯಿಕ್ ಆಮ್ಲ ಸಹಜವಾಗಿಯೇ ಇರುವುದರಿಂದ ಅವು ಬೇಗ ಕೆಡುವುದಿಲ್ಲ. ನಾವು ಮಳೆಗಾಲಕ್ಕೆ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ಮಾಡಿಟ್ಟುಕೊಳ್ಳುವಂತೆ ಅವರು ಚಳಿಗಾಲಕ್ಕೆ ಹಣ್ಣುಗಳನ್ನು ಡಬ್ಬಿ ತುಂಬಿ ಇಡುತ್ತಾರೆ. ಹಾಗೆಂದು ಅಲ್ಲಿಂದ ಯಾರಾದರೂ ದುಬಾರಿ ಹಣ್ಣಿನ ಪುಡಿ, ಕ್ಯಾಪ್ಸೂಲ್ ತಂದುಕೊಟ್ಟರೆ ಮರುಳಾಗಬೇಡಿ. ಮುಸ್ತಿಕ್ಕಾ ತಿಂದರೆ ಕಣ್ಣಿನ ದೃಷ್ಟಿ ಚುರುಕಾಗುತ್ತದೆ ಎಂಬ ಮಾತಿಗೆ ಗಟ್ಟಿಯಾದ ಪುರಾವೆ ಇಲ್ಲ. ವಿಟಮಿನ್ ಸಿ ಬೇಕಾದರೆ ನಮ್ಮ ನೆಲ್ಲಿಕಾಯಿ, ಸೀಬೆಹಣ್ಣು ಯಾವುದಕ್ಕೂ ಕಡಿಮೆಯಿಲ್ಲ.

ಹಣ್ಣಿಗಿಂತ ಹೆಚ್ಚು ಲಾಭ ಅದನ್ನು ಕೀಳುವುದರಲ್ಲಿದೆ ಎಂದು ನನ್ನ ಅನಿಸಿಕೆ. ರಬ್ಬರ್ ಬೂಟು ಹಾಕಿ, ಬಕೆಟ್ ಹಿಡಿದು, ಎರಡು ಮೂರು ಗಂಟೆ ಮೆತ್ತಗಿನ ನೆಲದ ಮೇಲೆ ನಡೆಯುವುದು, ಬಗ್ಗುವುದು, ಏಳುವುದು. ವ್ಯಾಯಾಮವೆಂದು ಅನ್ನಿಸುವುದೇ ಇಲ್ಲ. ಪಕ್ಕದ ಮನೆಯ ವಯಸ್ಸಾದ ಫಿನ್ನಿಷ್ ಹೆಂಗಸು ಟೀಚರ್‌ಗೆ ಜೊತೆಯಾದರಂತೆ. ಇವರಿಗೆ ಅವರ ಭಾಷೆ ಬಾರದು, ಅವರಿಗೆ ಇವರದು ಬಾರದು. ಇಬ್ಬರೂ ವಿಧವೆಯರು ಎಂಬುದಷ್ಟೇ ಕೈಸನ್ನೆಯಲ್ಲಿ ಗೊತ್ತಾಗಿತ್ತು. ನಡುವೆ ಒಂದು ದಿಮ್ಮಿಯ ಮೇಲೆ ಕೂತು ಫ್ಲಾಸ್ಕಿನಿಂದ ಕಾಫಿ. ತಲಾವಾರು ಕಾಫಿ ಕುಡಿಯುವುದರಲ್ಲಿ ಫಿನ್ಲೆಂಡ್ ಜಗತ್ತಿನ ಮುಂಚೂಣಿಯ ದೇಶ. ಕಾಫಿಯ ನಾಡಿನಿಂದ ಹೋದ ನಮ್ಮ ಟೀಚರ್‌ಗೆ ಅಷ್ಟು ಸಾಕಾಯಿತು. ಆ ಹೆಂಗಸು ಒಂದು ದಿನ ಕಾಫಿಗೆ ಜೊತೆಯಾಗಿ ಗಟ್ಟಿ ಬಿಳಿ ಗಿಣ್ಣದಂಥದ್ದನ್ನು ಸುಟ್ಟು, ಮೇಲೆ ಹಿಲ್ಲಾ ಜಾಮ್ ಹಾಕಿ ಕೊಟ್ಟರು. ಬಾಯಿಗಿಟ್ಟ ಟೀಚರ್ "ಇದು ನಮ್ಮ ಗಿಣ್ಣವೇ" ಎಂದು ಉದ್ಗರಿಸಿದರಂತೆ. ಅವರ ಊಹೆ ತಪ್ಪಲ್ಲ. ಉತ್ತರ ಫಿನ್ಲೆಂಡಿನ ಆ ಚೀಸ್ ಅನ್ನು ಹಿಂದಿನಿಂದಲೂ ಕರು ಹಾಕಿದ ಹಸುವಿನ ಮೊದಲ ಹಾಲಿನಿಂದಲೇ ಮಾಡುತ್ತಿದ್ದರು!

ಸಂಗಾತಿಯನ್ನು ಕಳೆದುಕೊಂಡ ಹಿರಿಯರಿಗೆ ಔಷಧಿಯಷ್ಟೇ ಮುಖ್ಯವಾದದ್ದು ಹೊರಗೆ ಹೋಗಲು ಒಂದು ಕಾರಣ ಮತ್ತು ಕಾಯುತ್ತಿರುವ ಒಬ್ಬ ಜೊತೆಗಾರರು. ಆ ಆಗಸ್ಟ್‌ನಲ್ಲಿ ಟೀಚರ್ ಅವರ ರಕ್ತದ ಸಕ್ಕರೆ ಮೂರು ವರ್ಷಗಳಲ್ಲೇ ಅತ್ಯುತ್ತಮವಾಗಿತ್ತು. ಹೊಸ ಮಾತ್ರೆ ಯಾವುದನ್ನೂ ನಾನು ಕೊಟ್ಟಿರಲಿಲ್ಲ.

ಒಂದು ಮಾತು ಹೇಳಲೇಬೇಕು. ಮನೆಗೆಂದು ಒಂದು ಬಕೆಟ್ ಹಣ್ಣು ಕೀಳುವುದು ಸಂತೋಷ. ಆದರೆ ಕಂಪನಿಗಳಿಗಾಗಿ ಹಣ್ಣು ಕೀಳಲು ಥಾಯ್ಲೆಂಡಿನಂಥ ದೂರದ ದೇಶಗಳಿಂದ ಬರುವ ಬಡವರಿಗೆ ಅದೇ ಕೆಲಸ ದಿನವಿಡೀ ಸೊಂಟ ಮುರಿಯುವ ದುಡಿಮೆ. ಅವರನ್ನು ಶೋಷಿಸಿದ ಪ್ರಕರಣಗಳು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿವೆ.

ಅಣಬೆಯ ಬಗ್ಗೆ ಎಚ್ಚರ

ಇದೇ ದಿನಗಳಲ್ಲಿ ಕಾಡಿನಲ್ಲಿ ಅಣಬೆಗಳೂ ಏಳುತ್ತವೆ. ಇಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಅಲ್ಲಿನ ಕಾಡುಗಳಲ್ಲಿ ಅಚ್ಚ ಬಿಳುಪಿನ, ನೋಡಲು ಸುಂದರವಾದ ಒಂದು ಅಣಬೆ ಇದೆ. ಅದು ಪ್ರಾಣಾಂತಿಕ. ಊರಿನ ಕಡೆ ಮಳೆಗಾಲದಲ್ಲಿ ಬಿಳಿ ಅಣಬೆ ತಿಂದು ರೂಢಿಯಿರುವ ನಮ್ಮವರು ಸುಲಭವಾಗಿ ಮೋಸಹೋಗಬಹುದು. ಅದರ ವಿಷ ತಕ್ಷಣ ತೋರುವುದಿಲ್ಲ. ಸಾಮಾನ್ಯವಾಗಿ 6ರಿಂದ 24 ಗಂಟೆಗಳ ನಂತರ ವಾಂತಿ, ಭೇದಿ ಶುರುವಾಗುತ್ತದೆ. ಒಂದು ದಿನ ಸುಧಾರಿಸಿದಂತೆ ಕಂಡು, ಆಮೇಲೆ ಯಕೃತ್ತು ಕೆಡುತ್ತದೆ. ಬೇಯಿಸಿದರೂ ವಿಷ ಹೋಗುವುದಿಲ್ಲ. ಬೆಳ್ಳಿ ಚಮಚ ಕಪ್ಪಾಗುತ್ತದೆ, ಬೆಳ್ಳುಳ್ಳಿ ಬಣ್ಣ ತಿರುಗುತ್ತದೆ ಎಂಬ ಪರೀಕ್ಷೆಗಳೆಲ್ಲ ಸುಳ್ಳು. ನುರಿತವರು ಕೈಯಲ್ಲಿ ಹಿಡಿದು ನೋಡಿ ಹೇಳದ ಹೊರತು ಯಾವ ಕಾಡು ಅಣಬೆಯನ್ನೂ ತಿನ್ನಬೇಡಿ. ಈ ಮಾತು ನಮ್ಮ ಕಾಡುಗಳಿಗೂ ಅನ್ವಯಿಸುತ್ತದೆ.

ಸೌನಾ: ಸುಖವೂ ಎಚ್ಚರವೂ

ಫಿನ್ಲೆಂಡಿನ ಜನಸಂಖ್ಯೆ ಸುಮಾರು 56 ಲಕ್ಷ. ಅಲ್ಲಿರುವ ಸೌನಾಗಳು ಸುಮಾರು 30 ಲಕ್ಷ ಎಂಬ ಅಂದಾಜಿದೆ. ಸೌನಾ ಎಂದರೆ ಮರದ ಹಲಗೆಗಳಿಂದ ಮಾಡಿದ, ಒಲೆಯ ಮೇಲಿನ ಕಾದ ಕಲ್ಲಿಗೆ ನೀರು ಸುರಿದು ಬಿಸಿಯ ಹಬೆ ಏಳಿಸುವ ಕೋಣೆ. 2020ರಲ್ಲಿ ಯುನೆಸ್ಕೋ ಈ ಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆಗಸ್ಟ್ ಸಂಜೆ ಸರೋವರದ ದಂಡೆಯ ಸೌನಾದಲ್ಲಿ ಬೆವರಿ, ಭೂರ್ಜ ಮರದ ಎಲೆಗೊಂಚಲಿನಿಂದ ಮೈ ತಟ್ಟಿಕೊಂಡು, ತಣ್ಣೀರಿಗೆ ಇಳಿಯುವುದು ಅವರ ದೊಡ್ಡ ಸುಖ. ನಮ್ಮ ದೀಪಾವಳಿಯ ಎಣ್ಣೆಸ್ನಾನದ ನಂತರದ ಹಗುರ ನಿಮಗೆ ನೆನಪಿದ್ದರೆ ಅದರ ಅಂದಾಜು ಸಿಗುತ್ತದೆ.

ಪೂರ್ವ ಫಿನ್ಲೆಂಡಿನ 2,315 ಮಧ್ಯವಯಸ್ಸಿನ ಗಂಡಸರನ್ನು ಸುಮಾರು 20 ವರ್ಷ ಗಮನಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೊಮ್ಮೆ ಸೌನಾ ಮಾಡುವವರಿಗಿಂತ ವಾರಕ್ಕೆ ನಾಲ್ಕರಿಂದ ಏಳು ಸಲ ಮಾಡುವವರಲ್ಲಿ ಹೃದಯಾಘಾತದ ಹಠಾತ್ ಸಾವುಗಳು ಕಡಿಮೆ ಇದ್ದವು. ಆದರೆ ಸೌನಾದಿಂದಲೇ ಹೀಗಾಯಿತೆಂದು ಇದರಿಂದ ಸಿದ್ಧವಾಗುವುದಿಲ್ಲ. ಆರೋಗ್ಯವಂತರೇ ಹೆಚ್ಚು ಸೌನಾ ಮಾಡುತ್ತಿರಬಹುದಲ್ಲವೇ? ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ಬಿಸಿಯಿಂದ ಹೊರಬಂದ ಕೂಡಲೇ ತಲೆಸುತ್ತಿ ಬೀಳುವ ಅಪಾಯವಿದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ ಬಿಸಿಗೆ ಇನ್ಸುಲಿನ್ ಬೇಗ ಹೀರಿಕೊಂಡು ಸಕ್ಕರೆ ದಿಢೀರನೆ ಇಳಿಯಬಹುದು. ಟೀಚರ್‌ಗೆ ನಾನು ಕೊಟ್ಟ ಅನುಮತಿ ಇಷ್ಟೆ: ಕೆಳಗಿನ ಹಲಗೆಯ ಮೇಲೆ, ಐದಾರು ನಿಮಿಷ, ಮಗಳ ಜೊತೆಯಲ್ಲಿ, ಮೊದಲು ನೀರು ಕುಡಿದು. ತಣ್ಣೀರಿಗೆ ಹಾರುವ ಸಾಹಸ ಬೇಡ. ಮದ್ಯ ಕುಡಿದು ಸೌನಾಕ್ಕೆ ಹೋಗುವುದಂತೂ ಯಾರಿಗೂ ಸಲ್ಲದು.

ಸಂತೋಷವೊಂದೇ ಸಾಲದು

ಇಷ್ಟೆಲ್ಲ ಓದಿದ ಮೇಲೆ ಉತ್ತರದ ಜನ ಹುಟ್ಟಾ ಆರೋಗ್ಯವಂತರು ಎಂದು ನಿಮಗೆ ಅನಿಸಬಹುದು. ಹಾಗಲ್ಲ. ಕಾಡು, ಹಣ್ಣು, ಸೌನಾ ಎಲ್ಲ ಇದ್ದೂ 1960ರ ದಶಕದಲ್ಲಿ ಫಿನ್ಲೆಂಡಿನ ಗಂಡಸರು ಹೃದಯಾಘಾತದಿಂದ ಸಾಯುವುದರಲ್ಲಿ ಜಗತ್ತಿನಲ್ಲೇ ಮುಂದಿದ್ದರು. ಬೆಣ್ಣೆ, ಉಪ್ಪು, ಸಿಗರೇಟು ಮೂರೂ ಅತಿಯಾಗಿದ್ದವು. ಪೂರ್ವದ ಉತ್ತರ ಕರೇಲಿಯಾ ಪ್ರಾಂತ್ಯದ ಜನರೇ ಸರ್ಕಾರಕ್ಕೆ ಮೊರೆಯಿಟ್ಟ ಮೇಲೆ, 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ತರುಣ ವೈದ್ಯರ ನೇತೃತ್ವದಲ್ಲಿ ದೊಡ್ಡ ಆಂದೋಲನ ಶುರುವಾಯಿತು. ಉಪ್ಪು, ಬೆಣ್ಣೆ ಕಡಿಮೆ ಮಾಡಿಸಿದರು, ಸಿಗರೇಟು ಬಿಡಿಸಿದರು, ಹಸು ಸಾಕುವ ರೈತರನ್ನು ಹಣ್ಣು ಬೆಳೆಯುವಂತೆ ಹುರಿದುಂಬಿಸಿದರು. ಸುಮಾರು 40 ವರ್ಷಗಳಲ್ಲಿ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಸಾವು ಶೇಕಡ 80ಕ್ಕೂ ಹೆಚ್ಚು ಇಳಿಯಿತು. ಸಣ್ಣ ಸಂತೋಷಗಳು ಮನಸ್ಸನ್ನು ಕಾಯುತ್ತವೆ, ಆದರೆ ರಕ್ತನಾಳಗಳನ್ನು ಕಾಯುವುದಕ್ಕೆ ಪಥ್ಯ ಬೇಕು. ಟೀಚರ್‌ಗೂ ಇದನ್ನೇ ಹೇಳಿದೆ: ಹಣ್ಣು ತಿನ್ನಿ, ಜಾಮ್ ಚಮಚದಲ್ಲಿ ಅಳೆದು ತಿನ್ನಿ, ಮಾತ್ರೆ ಬಿಡಬೇಡಿ.

ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ

ಉತ್ತರದಲ್ಲಿ ಚಳಿಗಾಲದುದ್ದಕ್ಕೂ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವಷ್ಟು ತೀಕ್ಷ್ಣವಾದ ಬಿಸಿಲು ಇರುವುದಿಲ್ಲ. ನಾರ್ವೆಯ ಹಿರಿಯರು ಒಂದು ಸುಲಭ ಲೆಕ್ಕ ಇಟ್ಟುಕೊಂಡಿದ್ದಾರೆ. ಇಂಗ್ಲಿಷಿನಂತೆ ಅವರ ಭಾಷೆಯಲ್ಲೂ ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗಿನ ತಿಂಗಳುಗಳ ಹೆಸರಿನಲ್ಲಿ 'ಆರ್' ಅಕ್ಷರ ಬರುತ್ತದೆ. ಆ ತಿಂಗಳುಗಳಲ್ಲಿ ದಿನಕ್ಕೊಂದು ಚಮಚ ಕಾಡ್ ಮೀನಿನ ಎಣ್ಣೆ. ಆಗಸ್ಟ್ ಮುಗಿಯುತ್ತಲೇ ಬಾಟಲಿ ಅಲಮಾರಿನಿಂದ ಹೊರಬರುತ್ತದೆ. ಫಿನ್ಲೆಂಡಿನಲ್ಲಿ 2003ರಿಂದ ಹಾಲಿಗೇ ವಿಟಮಿನ್ ಡಿ ಸೇರಿಸಲಾಗುತ್ತಿದೆ.

ನಮ್ಮ ಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು. ಕಂದು ಚರ್ಮದಲ್ಲಿರುವ ಮೆಲನಿನ್ ಬಿಸಿಲನ್ನು ತಡೆಯುವುದರಿಂದ ಅಷ್ಟೇ ವಿಟಮಿನ್ ತಯಾರಾಗಲು ನಮಗೆ ಹೆಚ್ಚು ಹೊತ್ತು ಬಿಸಿಲು ಬೇಕು. ಹೀಗಾಗಿ ಅಲ್ಲಿ ನೆಲೆಸಿದ ದಕ್ಷಿಣ ಏಷ್ಯಾದವರಲ್ಲಿ, ಅದರಲ್ಲೂ ಹಾಲು, ಮೀನು ತಿನ್ನದವರಲ್ಲಿ ಕೊರತೆ ಸಾಮಾನ್ಯ. ಮೂಳೆನೋವು, ಮಾಂಸಖಂಡಗಳ ಬಲಹೀನತೆ ಅದರ ಲಕ್ಷಣ. ಹಾಗೆಂದು ಊರಿನಿಂದ 60,000 ಯೂನಿಟ್‌ಗಳ ಪೊಟ್ಟಣಗಳನ್ನು ಕಂತೆಗಟ್ಟಲೆ ಒಯ್ದು ತಿಂಗಳುಗಟ್ಟಲೆ ನುಂಗುವುದು ಅಪಾಯ. ವಿಟಮಿನ್ ಡಿ ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿ ಮೂತ್ರಪಿಂಡ ಕೆಡುತ್ತದೆ. ಕಾಡ್ ಎಣ್ಣೆಯಲ್ಲಿ ವಿಟಮಿನ್ ಎ ಕೂಡ ಇರುವುದರಿಂದ ಗರ್ಭಿಣಿಯರು ವೈದ್ಯರನ್ನು ಕೇಳದೆ ಸೇವಿಸಬಾರದು.

ಮಗಳು ಹೇಳದೆ ಇದ್ದ ಮಾತು

ಸೆಪ್ಟೆಂಬರ್‌ನಲ್ಲಿ ಟೀಚರ್ ಹಿಂದಿರುಗಿದರು. ನನಗೊಂದು ಸಣ್ಣ ಬಾಟಲಿ ಪುಓಲುಕ್ಕಾ ಜಾಮ್ ತಂದಿದ್ದರು. ಎರಡು ಕಿಲೋ ತೂಕ ಇಳಿದಿತ್ತು, ಮುಖದಲ್ಲಿ ಕಳೆ ಇತ್ತು. ಪರೀಕ್ಷೆ ಮುಗಿದ ಮೇಲೂ ಏಳಲಿಲ್ಲ. "ಡಾಕ್ಟ್ರೇ, ಇನ್ನೊಂದು ವಿಷಯ" ಎಂದರು.

ಹಣ್ಣು ಆರಿಸುತ್ತ ಕೂತ ಒಂದು ಸಂಜೆ ಮಗಳು ಬಾಯಿಬಿಟ್ಟಿದ್ದಳು. ಹಿಂದಿನ ಚಳಿಗಾಲ, ನವೆಂಬರ್‌ನಿಂದ ಫೆಬ್ರವರಿವರೆಗೆ, ಅವಳಿಗೆ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ಎಷ್ಟು ಮಲಗಿದರೂ ಸುಸ್ತು, ಸಿಹಿ ತಿನ್ನುವ ಚಪಲ, ಮಗುವಿನ ಮೇಲೂ ಬೇಸರ. ವಾರಕ್ಕೊಮ್ಮೆ ಅಮ್ಮನಿಗೆ ವಿಡಿಯೋ ಕರೆ ಮಾಡುವಾಗ ಮಾತ್ರ ಮುಖ ತೊಳೆದು, ತಲೆ ಬಾಚಿ, ನಗುತ್ತ ಕೂರುತ್ತಿದ್ದಳು. ಅಮ್ಮನ ದುಃಖವೇ ಸಾಕಷ್ಟಿದೆ, ತನ್ನದೊಂದು ಯಾಕೆ ಎಂದು. "ನಾನು ಇಲ್ಲಿ ಒಬ್ಬಳೇ ಅಳ್ತಾ ಇದ್ದೆ, ಅವಳು ಅಲ್ಲಿ. ಮತ್ತೆ ನವೆಂಬರ್ ಬರುತ್ತಲ್ಲ, ಏನು ಮಾಡೋದು?" ಎಂದು ಟೀಚರ್ ಕೇಳಿದರು.

ಓದುಗರೇ, ಇದು ಸೋಮಾರಿತನವಲ್ಲ, ಮನೆ ನೆನಪಿನ ಬೇಸರವೂ ಅಲ್ಲ. ಋತುಮಾನಕ್ಕೆ ಸಂಬಂಧಿಸಿದ ಖಿನ್ನತೆ ಎಂದು ವೈದ್ಯಲೋಕ ಗುರುತಿಸಿರುವ ಕಾಯಿಲೆ. ಅಮೆರಿಕದಲ್ಲಿ ಡಾ. ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು 1984ರಲ್ಲಿ ಇದನ್ನು ವಿವರಿಸಿದರು. ಬೆಳಗಿನ ಬೆಳಕು ಸಿಗದೆ ಮೆದುಳಿನ ಗಡಿಯಾರ ಹಿಂದೆ ಬೀಳುವುದು ಒಂದು ಕಾರಣವಿರಬಹುದೆಂದು ನಂಬಲಾಗಿದೆ. ಇದಕ್ಕೆ ಚಿಕಿತ್ಸೆ ಇದೆ. ಬೆಳಗ್ಗೆ ಎದ್ದ ಕೂಡಲೇ 10,000 ಲಕ್ಸ್ ತೀವ್ರತೆಯ ವಿಶೇಷ ದೀಪದ ಮುಂದೆ ಅರ್ಧ ಗಂಟೆ ಕೂರುವುದು ಒಂದು. ಹೋಲಿಕೆಗೆ ಹೇಳುವುದಾದರೆ, ನಮ್ಮ ಮನೆಯೊಳಗಿನ ದೀಪದ ಬೆಳಕು ಕೆಲವು ನೂರು ಲಕ್ಸ್ ಇದ್ದರೆ ಹೆಚ್ಚು. ಕಣ್ಣಿನ ಕಾಯಿಲೆ ಇರುವವರು, ಮನಸ್ಸು ಅತಿ ಉತ್ಸಾಹ ಮತ್ತು ಖಿನ್ನತೆಗಳ ನಡುವೆ ತೂಗಾಡುವ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಇದನ್ನು ಬಳಸಬೇಕು. ಹಗಲಿನ ಎರಡು ಗಂಟೆಯಲ್ಲಿ ಹೊರಗೆ ನಡೆಯುವುದು, ಆಪ್ತಸಲಹೆ, ಅಗತ್ಯವಿದ್ದರೆ ಮಾತ್ರೆ ಇವೆಲ್ಲವೂ ಉಪಯುಕ್ತ. ಬದುಕೇ ಬೇಡವೆಂಬ ಯೋಚನೆ ಬಂದರೆ ಒಂದು ದಿನವೂ ತಡಮಾಡದೆ ವೈದ್ಯರ ಬಳಿ ಹೋಗಬೇಕು. ನಮ್ಮ ದೇಶದಲ್ಲಿರುವವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತನಾಡಬಹುದು.

ಉತ್ತರದವರೆಲ್ಲರೂ ಚಳಿಗಾಲದಲ್ಲಿ ಹೀಗೆ ಕುಗ್ಗುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕಾರಿ ಲೀಬೊವಿಟ್ಜ್ ನಾರ್ವೆಯ ಉತ್ತರದಲ್ಲಿರುವ ಟ್ರೊಮ್ಸೊ ಊರಿನಲ್ಲಿದ್ದು ನಡೆಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಹೆಚ್ಚು ಉತ್ತರಕ್ಕೆ ಹೋದಂತೆ ಚಳಿಗಾಲವನ್ನು ಒಳ್ಳೆಯ ದೃಷ್ಟಿಯಿಂದ ನೋಡುವ ಮನೋಭಾವ ಹೆಚ್ಚಿತ್ತು, ಅಂಥ ಮನೋಭಾವ ಇದ್ದವರು ಬದುಕಿನ ಬಗ್ಗೆ ಹೆಚ್ಚು ತೃಪ್ತರಾಗಿದ್ದರು ಎಂದು ಅದರಲ್ಲಿ ಕಂಡುಬಂತು. ಡಬ್ಬಿಯಲ್ಲಿ ಹಣ್ಣು, ಕಿಟಕಿಯಲ್ಲಿ ದೀಪ, ವಾರಕ್ಕೆರಡು ದಿನ ಸೌನಾ, ಬಾಗಿಲು ತಟ್ಟುವ ನೆರೆಯವರು: ಇವನ್ನೆಲ್ಲ ಅವರು ಆಗಸ್ಟ್‌ನಲ್ಲೇ ಸಿದ್ಧ ಮಾಡಿಕೊಳ್ಳುತ್ತಾರೆ. ಆದರೆ ಖಿನ್ನತೆ ಬಂದವರಿಗೆ 'ಮನಸ್ಸು ಗಟ್ಟಿ ಮಾಡಿಕೋ' ಎಂದು ಉಪದೇಶಿಸುವುದಕ್ಕೆ ಈ ಅಧ್ಯಯನವನ್ನು ಬಳಸಬಾರದು. ಅವರಿಗೆ ಬೇಕಾದದ್ದು ಚಿಕಿತ್ಸೆ.

ನಾನು ಟೀಚರ್‌ಗೆ ಹೇಳಿದ್ದು ಇಷ್ಟು. ನವೆಂಬರ್‌ಗೆ ಕಾಯುವುದು ಬೇಡ. ಮಗಳು ಈಗಲೇ ಅಲ್ಲಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಕಳೆದ ಚಳಿಗಾಲದ ಕಥೆ ಹೇಳಲಿ. ನೀವು ವಾರಕ್ಕೊಂದು ಕರೆಯ ಬದಲು ದಿನವೂ ಐದು ನಿಮಿಷ ಮಾತನಾಡಿ. "ಹೇಗಿದ್ದೀಯ?" ಎಂದು ಕೇಳಿದರೆ "ಚೆನ್ನಾಗಿದ್ದೀನಿ" ಎಂದೇ ಉತ್ತರ ಬರುತ್ತದೆ. ಅದರ ಬದಲು "ಇವತ್ತು ಹೊರಗೆ ಹೋಗಿದ್ದೆಯಾ? ಏನು ತಿಂದೆ? ರಾತ್ರಿ ಎಷ್ಟು ಗಂಟೆ ಮಲಗಿದೆ?" ಎಂದು ಕೇಳಿ.

ಉತ್ತರದ ನಾಡಿಗೆ ಹೋಗುವ ಹಿರಿಯರು ಗಮನಿಸಿ

1. ಮಾತ್ರೆಯ ಚೀಟಿಯಲ್ಲಿ 'ಬೆಳಗ್ಗೆ, ರಾತ್ರಿ' ಎಂಬುದರ ಬದಲು ಗಂಟೆ ಬರೆಸಿಕೊಳ್ಳಿ. ಔಷಧಿಗಳ ಮೂಲ ಹೆಸರಿರುವ ಚೀಟಿ ಜೊತೆಯಲ್ಲಿರಲಿ.

2. ಮೇ, ಜೂನ್, ಜುಲೈನಲ್ಲಿ ಹೋಗುವುದಾದರೆ ಕಣ್ಣಿನ ಪಟ್ಟಿ ಒಯ್ಯಿರಿ. ಮಲಗುವ ಕೋಣೆಗೆ ದಪ್ಪ ಪರದೆ ಹಾಕಿಸಿ.

3. ಸಕ್ಕರೆ ಕಾಯಿಲೆ ಇರುವವರು ಹೊಸ ಬೂಟು ಹಾಕಿ ಕಾಡಿಗೆ ಹೋಗಬೇಡಿ. ಹತ್ತಿಯ ಅಥವಾ ಉಣ್ಣೆಯ ಕಾಲುಚೀಲ ಧರಿಸಿ. ಮನೆಗೆ ಬಂದ ಮೇಲೆ ಪಾದವನ್ನು ಬೆರಳ ಸಂದಿಯವರೆಗೆ ಪರೀಕ್ಷಿಸಿ. ಜೇಬಿನಲ್ಲಿ ಸ್ವಲ್ಪ ಸಕ್ಕರೆ ಅಥವಾ ಗ್ಲೂಕೋಸ್ ಇರಲಿ.

4. ಕಾಡಿಗೆ ಒಬ್ಬರೇ ಹೋಗಬೇಡಿ. ಗುರುತು ಸಿಗದ ಹಣ್ಣು, ಅಣಬೆ ಬಾಯಿಗಿಡಬೇಡಿ.

5. ಹಗಲು ಬೆಚ್ಚಗಿದ್ದರೂ ಸಂಜೆಗೆ ಸ್ವೆಟರ್, ಟೊಪ್ಪಿಗೆ ಬೇಕೇ ಬೇಕು. ಉಬ್ಬಸ, ಹೃದ್ರೋಗ ಇರುವವರಿಗೆ ಇದು ಮುಖ್ಯ.

ಉತ್ತರಕ್ಕೆ ಹೋಗದವರಿಗೂ ಇದರಲ್ಲಿ ಪಾಠವಿದೆ. ಬೆಳಗಿನ ಬಿಸಿಲಿನಲ್ಲಿ ಅರ್ಧ ಗಂಟೆ ನಡೆಯುವುದು, ಸಂಜೆ ದೀಪ ಮಂದ ಮಾಡುವುದು, ಆಯಾ ಕಾಲದ ಹಣ್ಣನ್ನು ಆಯಾ ಕಾಲದಲ್ಲಿ ತಿನ್ನುವುದು, ಒಂದು ಕಾಫಿಯ ಹೊತ್ತು ಯಾರ ಜೊತೆಗಾದರೂ ಕೂರುವುದು. ಇವಕ್ಕೆ ವೈದ್ಯರ ಚೀಟಿ ಬೇಕಿಲ್ಲ.

ಟೀಚರ್ ಮಗಳು ಅಕ್ಟೋಬರ್‌ನಲ್ಲೇ ವೈದ್ಯರನ್ನು ಕಂಡಳು. ದೀಪದ ಚಿಕಿತ್ಸೆ ಶುರುವಾಯಿತು, ಪಕ್ಕದ ಮನೆಯ ಆ ಹೆಂಗಸು ಮಧ್ಯಾಹ್ನ ಅವಳನ್ನು ವಾಕಿಂಗ್‌ಗೆ ಕರೆದೊಯ್ಯತೊಡಗಿದರು. ಡಿಸೆಂಬರ್ ಕಷ್ಟವೇ ಆಯಿತು, ಆದರೆ ಹಿಂದಿನ ವರ್ಷದಷ್ಟಲ್ಲ. ಈಗ ಟೀಚರ್ ಮತ್ತೆ ಹೊರಡುವ ತಯಾರಿಯಲ್ಲಿದ್ದಾರೆ. ಮೊನ್ನೆ ಬಂದವರು ಚೀಟಿ ಮುಂದಿಟ್ಟು, "ಈ ಸಲ ಗಂಟೆ ಬರೆದುಕೊಡಿ ಡಾಕ್ಟ್ರೇ. ಟಿಕೆಟ್ ಆಗಸ್ಟ್‌ಗೆ ಮಾಡಿಸಿದ್ದೀನಿ" ಎಂದರು.